ಥಾಯ್ ವ್ಯಾಪಾರ ಜಗತ್ತಿನಲ್ಲಿ ಔತಣ ಮತ್ತು ಅಂತಸ್ತು

ಉದ್ಯೋಗನಿಮಿತ್ತವಾಗಿ ಪರದೇಶಕ್ಕೆ ಹೋದವನು ಅಲ್ಲಿಯ ಹಣದ ಬೆಲೆಯನ್ನು ಒಂದು ವಾರದಲ್ಲಿ ಕಲಿಯುತ್ತಾನೆ. ಅಲ್ಲಿಯ ಮರ್ಯಾದೆಯ ಬೆಲೆಯನ್ನು ಕಲಿಯಲು ವರ್ಷಗಳೇ ಬೇಕಾಗುತ್ತವೆ. ಹಣದ ವಿನಿಮಯ ದರವನ್ನು ಬ್ಯಾಂಕಿನವರು ಬರೆದು ತೂಗುಹಾಕಿರುತ್ತಾರೆ. ಮರ್ಯಾದೆಯ ವಿನಿಮಯ ದರವನ್ನು ಯಾರೂ ಬರೆದಿಡುವುದಿಲ್ಲ. ಥಾಯ್ಲೆಂಡಿನಲ್ಲಿ ಭಾರತೀಯ ಉದ್ಯಮಗಳು ನೆಲೆಯೂರಿ ಅರ್ಧ ಶತಮಾನವೇ ಕಳೆದಿದೆ. ಬಿರ್ಲಾ ಬಳಗದ ನೂಲಿನ ಕಾರ್ಖಾನೆ ಅಲ್ಲಿ ಸ್ಥಾಪನೆಯಾದದ್ದು 1969ರಲ್ಲಿ. ಅಂದಿನಿಂದ ಇಂದಿನವರೆಗೆ ಅಲ್ಲಿಗೆ ಹೋದ ನಮ್ಮ ಎಂಜಿನಿಯರುಗಳಿಗೂ ಲೆಕ್ಕಪತ್ರದ ಅಧಿಕಾರಿಗಳಿಗೂ ಎದುರಾಗುವ ಮೊದಲ ಒಗಟು ಕಚೇರಿಯ ಕಡತದಲ್ಲಿ ಇರುವುದಿಲ್ಲ. ಅದು ಊಟದ ಮೇಜಿನ ಮೇಲೆ ಇರುತ್ತದೆ.

ಹೊಸದಾಗಿ ಬ್ಯಾಂಕಾಕಿಗೆ ಬಂದ ಒಬ್ಬ ಭಾರತೀಯ ಅಧಿಕಾರಿಯನ್ನು ಕಲ್ಪಿಸಿಕೊಳ್ಳೋಣ. ತನ್ನ ವಿಭಾಗದ ಏಳು ಮಂದಿಯೊಡನೆ ಅವನು ಮಧ್ಯಾಹ್ನದ ಊಟಕ್ಕೆ ಹೋಗಿದ್ದಾನೆ. ಊಟ ಮುಗಿಯಿತು, ಬಿಲ್ಲು ಬಂತು. ಅವನು ಸಮಾನತೆಯಲ್ಲಿ ನಂಬಿಕೆಯುಳ್ಳವನು. ಒಬ್ಬರ ಋಣ ಇನ್ನೊಬ್ಬರ ಮೇಲೆ ಉಳಿಯಬಾರದೆಂದು ಎಣಿಸುವವನು. ಮೊತ್ತವನ್ನು ಎಂಟರಿಂದ ಭಾಗಿಸಿ ತನ್ನ ಪಾಲನ್ನು ಮೇಜಿನ ಮೇಲಿಟ್ಟ. ಉಳಿದವರೂ ನಗುನಗುತ್ತಲೇ ತಮ್ಮ ತಮ್ಮ ಪಾಲನ್ನಿಟ್ಟರು. ಯಾರೂ ಏನೂ ಅನ್ನಲಿಲ್ಲ. ಎಲ್ಲವೂ ಸುಸೂತ್ರವಾಗಿ ನಡೆಯಿತೆಂದೇ ಅವನ ಭಾವನೆ. ಆದರೆ 'ನಾನು ನಿಮ್ಮ ಹಿರಿಯನಲ್ಲ' ಎಂಬುದನ್ನು ಅವನು ಆ ದಿನ ತನಗರಿವಿಲ್ಲದೆಯೇ ಸಾರಿಬಿಟ್ಟಿದ್ದ.

ಹೀಗೆ ಖರ್ಚನ್ನು ಸಮನಾಗಿ ಹಂಚಿಕೊಳ್ಳುವುದಕ್ಕೆ ಥಾಯ್ ಜನರು ಇಟ್ಟಿರುವ ಹೆಸರು 'ಅಮೆರಿಕನ್ ಶೇರ್'. ಇಂಗ್ಲಿಷರು ಈ ಪದ್ಧತಿಯನ್ನು ಡಚ್ಚರ ತಲೆಗೆ ಕಟ್ಟಿದ್ದಾರೆ, ಥಾಯ್ ಜನರು ಅಮೆರಿಕನ್ನರ ತಲೆಗೆ ಕಟ್ಟಿದ್ದಾರೆ. ಇದು ತಮ್ಮ ಮನೆಯದಲ್ಲ ಎಂಬ ಧ್ವನಿ ಆ ಹೆಸರಿನಲ್ಲೇ ಇದೆ. ಒಂದೇ ವಯಸ್ಸಿನ ಗೆಳೆಯರ ನಡುವೆ ಅದು ನಡೆದೀತು. ಹಿರಿಕಿರಿಯರ ನಡುವೆ ಸಲ್ಲದು. ಕರೆದವನು ಕೊಡಬೇಕು, ಯಾರೂ ಕರೆಯದೆ ತಾವಾಗಿ ಕೂಡಿದ್ದರೆ ಹಿರಿಯನಾದವನು ಕೊಡಬೇಕು. ಹುಟ್ಟುಹಬ್ಬದ ದಿನ ಹುಟ್ಟಿದವನೇ ಉಳಿದವರಿಗೆ ಉಣಿಸುತ್ತಾನೆ. ಬಡ್ತಿ ದೊರೆತವನು ತನ್ನ ಬಡ್ತಿಯ ಸಂತೋಷಕ್ಕೆ ತಾನೇ ಖರ್ಚುಮಾಡುತ್ತಾನೆ. ಹೊಸವರ್ಷದ ಕಚೇರಿಕೂಟದಲ್ಲಿ ಚೀಟಿ ಎತ್ತಿ ಬಹುಮಾನ ಹಂಚುವಾಗ ಮೇಲಧಿಕಾರಿಗಳು ತಮ್ಮ ಸ್ವಂತ ಜೇಬಿನಿಂದಲೂ ಒಂದಿಷ್ಟು ಸೇರಿಸಬೇಕೆಂದು ಎಲ್ಲರೂ ನಿರೀಕ್ಷಿಸುತ್ತಾರೆ.

ಇದರ ಮರ್ಮ ಒಂದು ಕ್ರಿಯಾಪದದಲ್ಲಿ ಅಡಗಿದೆ. ಥಾಯ್ ಭಾಷೆಯಲ್ಲಿ 'ಲಿಯಂಗ್' ಎಂದರೆ ಔತಣ ಕೊಡು, ಊಟ ಹಾಕಿಸು ಎಂದರ್ಥ. ಮಗುವನ್ನು ಸಾಕು, ದನಕರುಗಳನ್ನು ಸಲಹು ಎಂಬುದಕ್ಕೂ ಇದೇ ಮಾತು. ಆದ್ದರಿಂದ ಬಿಲ್ಲು ಕೊಟ್ಟವನು ಕೇವಲ ಹಣ ಕೊಟ್ಟವನಲ್ಲ. 'ನಿಮ್ಮನ್ನು ಸಲಹುವ ಹೊಣೆ ನನ್ನದು' ಎಂದು ಒಪ್ಪಿಕೊಂಡವನು. ಉಂಡವರೂ ಸುಮ್ಮನೆ ಉಂಡವರಲ್ಲ. ಉಂಡ ಮನೆಯ ಜಂತೆ ಎಣಿಸಬಾರದೆಂಬ ಮಾತು ನಮ್ಮಲ್ಲೂ ಉಂಟಷ್ಟೆ. ಅಲ್ಲಿ ಈ ಋಣಕ್ಕೆ 'ಬುನ್ ಖುನ್' ಎಂದು ಹೆಸರು. ಆ ಮಾತನ್ನು ಬಿಡಿಸಿ ನೋಡಿದರೆ ನಮಗೆ ಪರಿಚಿತವಾದ ಎರಡು ಶಬ್ದಗಳೇ ದೊರೆಯುತ್ತವೆ: ಪುಣ್ಯ ಮತ್ತು ಗುಣ. ತಾಯಿತಂದೆಗಳ, ಗುರುವಿನ ಋಣ ಎಂಥದೋ ಕಷ್ಟಕಾಲದಲ್ಲಿ ಕೈಹಿಡಿದ ಹಿರಿಯನ ಋಣವೂ ಅಂಥದೇ. ಅದನ್ನು ನೆನೆಯಬಹುದು, ಲೆಕ್ಕ ಹಾಕಿ ತೀರಿಸಿ ಕೈತೊಳೆದುಕೊಳ್ಳುವಂತಿಲ್ಲ.

ಈ ಮನೋಧರ್ಮದ ಬೇರು ಆಳವಾದುದು. ಹದಿನೈದನೆಯ ಶತಮಾನದಲ್ಲಿ, ನಮ್ಮ ಅಯೋಧ್ಯೆಯ ಹೆಸರನ್ನೇ ಹೊತ್ತ ಅಯುಥ್ಯಾ ನಗರವು ಆ ದೇಶದ ರಾಜಧಾನಿಯಾಗಿದ್ದಾಗ, 1448ರಿಂದ 1488ರವರೆಗೆ ಆಳಿದ ತ್ರೈಲೋಕನಾಥನೆಂಬ ಅರಸು ಪ್ರಜೆಗಳೆಲ್ಲರನ್ನೂ ಅಂಕಿಗಳಲ್ಲಿ ಅಳೆಯುವ ಒಂದು ಕ್ರಮವನ್ನು ವ್ಯವಸ್ಥೆಗೊಳಿಸಿದ. ಅದಕ್ಕೆ 'ಸಕ್ದಿನಾ' ಎಂದು ಹೆಸರು. 'ಸಕ್ದಿ' ಎಂಬುದು ನಮ್ಮ 'ಶಕ್ತಿ'. 'ನಾ' ಎಂದರೆ ಗದ್ದೆ. ಗುಲಾಮನಿಗೆ 5, ಸಾಮಾನ್ಯ ಪ್ರಜೆಗೆ ಹೆಚ್ಚೆಂದರೆ 25, ಅಧಿಕಾರಿವರ್ಗದವರಿಗೆ 400ರಿಂದ ಮೇಲಕ್ಕೆ, ಅತ್ಯುನ್ನತ ಮಂತ್ರಿಗಳಿಗೆ 10,000. ಅಷ್ಟು ಗದ್ದೆ ನಿಜವಾಗಿಯೂ ಅವರ ಕೈಯಲ್ಲಿತ್ತೇ ಎಂಬುದು ಮುಖ್ಯವಲ್ಲ; ಮನುಷ್ಯನ ಬೆಲೆ ಅಂಕಿಯಲ್ಲಿತ್ತು ಎಂಬುದು ಮುಖ್ಯ. ತಪ್ಪಿಗೆ ದಂಡವೂ ಹಾನಿಗೆ ಪರಿಹಾರವೂ ಆ ಅಂಕಿಯನ್ನು ಅನುಸರಿಸಿಯೇ ನಿರ್ಧಾರವಾಗುತ್ತಿದ್ದವು.

ಕಾಲ ಬದಲಾಯಿತು. ಚುಲಲೊಂಗ್‌ಕೋರ್ನ್ ದೊರೆ 1873ರಲ್ಲಿ ತನ್ನೆದುರು ನೆಲಕ್ಕೊರಗಿ ಅಡ್ಡಬೀಳುವ ಕ್ರಮವನ್ನು ನಿಲ್ಲಿಸಿದ. 1905ರಲ್ಲಿ ಗುಲಾಮಗಿರಿಗೆ ಕಾನೂನಿನ ಕೊನೆಯನ್ನು ಹಾಡಿದ. 1932ರ ಕ್ರಾಂತಿಯೊಡನೆ ಅರಸೊತ್ತಿಗೆಯ ನಿರಂಕುಶತೆ ಮುಗಿಯಿತು. ಅಂಕಿಗಳು ಅಳಿಸಿಹೋದವು. ಆದರೆ ಅಳೆಯುವ ಅಭ್ಯಾಸ ಅಳಿಸಲಿಲ್ಲ. ಅದು ಭಾಷೆಯೊಳಗೆ ಸೇರಿಕೊಂಡು ಉಳಿಯಿತು. ಇಂದಿಗೂ ಸಮಾಜದಲ್ಲಿ 'ಪೂ ಯೈ', ಎಂದರೆ ದೊಡ್ಡವರು, ಮತ್ತು 'ಪೂ ನೊಯ್', ಎಂದರೆ ಚಿಕ್ಕವರು, ಎಂಬ ಎರಡು ನೆಲೆಗಳುಂಟು. ಸಹೋದ್ಯೋಗಿಯನ್ನು ಕರೆಯುವಾಗ ಅವನು ನಿಮಗಿಂತ ಹಿರಿಯನಾದರೆ 'ಪೀ' ಎನ್ನಬೇಕು, ಕಿರಿಯನಾದರೆ 'ನೊಂಗ್' ಎನ್ನಬೇಕು. ಅಣ್ಣನಿಗೂ ಅಕ್ಕನಿಗೂ ಒಂದೇ ಮಾತು, ತಮ್ಮನಿಗೂ ತಂಗಿಗೂ ಒಂದೇ ಮಾತು. ಎದುರಿನವನು ಎಲ್ಲಿ ನಿಂತಿದ್ದಾನೆಂದು ತಿಳಿಯದೆ ಬಾಯಿ ತೆರೆಯುವುದೇ ಕಷ್ಟ. ಮೊದಲ ಭೇಟಿಯಲ್ಲೇ ವಯಸ್ಸೆಷ್ಟು, ಎಲ್ಲಿ ಓದಿದ್ದೀರಿ ಎಂದು ವಿಚಾರಿಸಿದರೆ ನಮ್ಮವರು ಅದನ್ನು ಅಧಿಕಪ್ರಸಂಗವೆಂದು ತಿಳಿಯಬಾರದು. ನಿಮ್ಮನ್ನು ಯಾವ ಮಣೆಯ ಮೇಲೆ ಕೂರಿಸಬೇಕೆಂಬ ಸೌಜನ್ಯದ ವಿಚಾರಣೆ ಅದು.

ಕನ್ನಡಿಗನಿಗೆ ಇಲ್ಲಿ ಒಂದು ವಿನೋದವೂ ಕಾದಿದೆ. ಕಂಪನಿಗೆ ಥಾಯ್ ಭಾಷೆಯಲ್ಲಿ 'ಬೊರಿಸತ್' ಎನ್ನುತ್ತಾರೆ; ಅದು ನಮ್ಮ 'ಪರಿಷತ್ತು'. ಅಧ್ಯಕ್ಷ 'ಪ್ರತಾನ್', ಅಂದರೆ ಪ್ರಧಾನ. ಹಣವಂತ 'ಸೇಟ್ಠೀ', ಸಂಸ್ಕೃತದ ಶ್ರೇಷ್ಠಿ ನಮ್ಮಲ್ಲಿ ಸೆಟ್ಟಿಯಾದಂತೆ ಅಲ್ಲಿ ಸೇಟ್ಠೀ ಆಗಿದ್ದಾನೆ. ಗೌರವಕ್ಕೆ ಅವರ ಮಾತು 'ಕಿಯತ್'; ಅದರ ಮೂಲ ಕೀರ್ತಿ. ಹೆಸರಿನ ಹಿಂದೆ ಹಚ್ಚುವ 'ಖುನ್' ಎಂಬ ಗೌರವವಾಚಕ ನಮ್ಮ 'ಗುಣ'ವೇ. ಆ ದೇಶದಲ್ಲಿ ಕುಲನಾಮಗಳು ಕಡ್ಡಾಯವಾದದ್ದು 1913ರ ಕಾನೂನಿನಿಂದೀಚೆಗೆ; ಇಂದಿಗೂ ಎಷ್ಟೇ ದೊಡ್ಡ ಅಧಿಕಾರಿಯನ್ನಾದರೂ ಖುನ್ ಎಂದು ಸೇರಿಸಿ ಸ್ವಂತ ಹೆಸರಿನಿಂದಲೇ ಕರೆಯುತ್ತಾರೆ. ಸ್ವಂತ ಹೆಸರು ಹಿಡಿದು ಕರೆಯುವುದನ್ನು ಸಲುಗೆ ಎಂದು ತಿಳಿದ ಪಾಶ್ಚಾತ್ಯರು ಅಲ್ಲಿ ಎಡವಿದ್ದುಂಟು.

ಇನ್ನು ಔತಣದ ರೀತಿಯನ್ನು ನೋಡೋಣ. ಬಂದವರು ಕೈಮುಗಿಯುತ್ತಾರೆ, ಇದೇ ಅವರ 'ವೈ'. ಕಿರಿಯನು ಮೊದಲು ಮುಗಿಯಬೇಕು. ಎದುರಿನವರು ಎಷ್ಟು ಹಿರಿಯರೋ ಜೋಡಿಸಿದ ಕೈ ಅಷ್ಟು ಮೇಲೇರಬೇಕು. ಹೊಸದಾಗಿ ಬಂದ ಪರದೇಶದ ಅಧಿಕಾರಿ ವಿನಯದ ಉತ್ಸಾಹದಲ್ಲಿ ಬಾಗಿಲು ಕಾಯುವವನಿಗೂ ಬಡಿಸುವ ಹುಡುಗಿಗೂ ತಾನೇ ಮೊದಲು ಕೈಮುಗಿದರೆ ಅವರಿಗೆ ಸಂತೋಷವಾಗುವುದಿಲ್ಲ, ಮುಜುಗರವಾಗುತ್ತದೆ. ಮುಗುಳ್ನಕ್ಕು ತಲೆಯಾಡಿಸಿದರೆ ಸಾಕು. ತಟ್ಟೆಯ ಬಳಿ ಇರುವುದು ಚಮಚ ಮತ್ತು ಮುಳ್ಳುಚಮಚ; ಬಲಗೈಯ ಚಮಚದಿಂದ ಉಣ್ಣುವುದು, ಎಡಗೈಯ ಮುಳ್ಳಿನಿಂದ ಅನ್ನವನ್ನು ಅದಕ್ಕೆ ದೂಡುವುದು. ಭಕ್ಷ್ಯಗಳು ಎಲ್ಲರ ನಡುವೆ ಇರುತ್ತವೆ. ಒಂದೊಂದರಿಂದ ಒಂದೆರಡು ಚಮಚ ಮಾತ್ರ ತಟ್ಟೆಗೆ ಹಾಕಿಕೊಳ್ಳುವುದು ಮರ್ಯಾದೆ. ಏನು ತರಿಸಬೇಕೆಂಬುದನ್ನು ಸಾಮಾನ್ಯವಾಗಿ ಹಿರಿಯನೋ ಆತಿಥೇಯನೋ ನಿರ್ಧರಿಸುತ್ತಾನೆ. ಸಸ್ಯಾಹಾರಿಯಾದ ಕನ್ನಡಿಗನು ಇದನ್ನು ಮೊದಲೇ ಆತಿಥೇಯನ ಕಾರ್ಯದರ್ಶಿಗೆ ತಿಳಿಸಿರುವುದು ಲೇಸು. 'ಜೇ' ಎಂಬ ಆಹಾರಕ್ರಮ ಅಲ್ಲಿಯೂ ಉಂಟು. ಅದರಲ್ಲಿ ಮಾಂಸವಷ್ಟೇ ಅಲ್ಲ, ನೀರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. ತಿಳಿಸದೆ ಹೋಗಿ, ಬಡಿಸಿದ್ದನ್ನು ಒಂದೊಂದಾಗಿ ಬೇಡವೆಂದರೆ, ಅತಿಥಿಯನ್ನು ಉಪವಾಸ ಕೆಡವಿದ ಅವಮಾನ ಆತಿಥೇಯನದಾಗುತ್ತದೆ. ವಿಸ್ಕಿಯ ಶೀಸೆ ಮೇಜಿನ ಮೇಲೆ ಕಾಣುವಂತೆ ಕೂರುವುದುಂಟು. ಅದರ ಲೇಬಲ್ಲು ಯಾವುದೆಂಬುದು ಕೂಡ ಒಂದು ಮಾತೇ. ಆದರೆ ವರ್ಷಾವಾಸದ ಮೂರು ತಿಂಗಳು, ನಮ್ಮ ಚಾತುರ್ಮಾಸ್ಯದ ಹೊತ್ತಿನಲ್ಲಿ, ಮದ್ಯವನ್ನು ಬಿಡುವವರು ಅನೇಕರು, ಅವರನ್ನು ಒತ್ತಾಯಿಸಬಾರದು.

ಈ ಔತಣಗಳಿಂದ ವ್ಯಾಪಾರಕ್ಕೆ ಆಗುವ ಪ್ರಯೋಜನವೇನೆಂದು ನೀವು ಕೇಳಬಹುದು. ಕರಾರು ಅಲ್ಲಿ ಆಗುವುದಿಲ್ಲ. ಆ ಮೇಜಿನಲ್ಲಿ ಕಾಗದ ಬಿಚ್ಚಿದವನು ಒರಟನೆನಿಸಿಕೊಳ್ಳುತ್ತಾನೆ. ಅಲ್ಲಿ ಆಗುವುದು ಬೇರೆ ಕೆಲಸ. ಥಾಯ್ ಜನರಲ್ಲಿ 'ಕ್ರೇಂಗ್ ಚೈ' ಎಂಬ ಗುಣವೊಂದಿದೆ. ಎದುರಿನವರ ಮನಸ್ಸಿಗೆ ಭಾರವಾಗಬಾರದೆಂಬ ಹಿಂಜರಿಕೆ ಅದು. ನಮ್ಮ 'ದಾಕ್ಷಿಣ್ಯ' ಅದಕ್ಕೆ ಹತ್ತಿರದ ಮಾತು. ಸಭೆಯಲ್ಲಿ ಮೇಲಧಿಕಾರಿಯ ಯೋಜನೆ ತಪ್ಪೆಂದು ಯಾರೂ ಹೇಳುವುದಿಲ್ಲ. ಸರಕು ತಡವಾಗುತ್ತದೆ, ಯಂತ್ರ ಕೆಟ್ಟಿದೆ ಎಂಬ ಸುದ್ದಿಯನ್ನೂ ತುಟಿಯಲ್ಲೇ ತಡೆದಾರು. ಎಲ್ಲರೂ 'ಆಗಲಿ' ಎಂದದ್ದನ್ನು ಒಪ್ಪಿಗೆಯೆಂದು ತಿಳಿದ ಪರದೇಶದ ಅಧಿಕಾರಿ ತಿಂಗಳ ಕೊನೆಗೆ ದಂಗಾಗುತ್ತಾನೆ. ಸಭೆಯಲ್ಲಿ ಹೊರಡದ ಸತ್ಯ ಊಟದ ಮೇಜಿನಲ್ಲಿ, ಮೂರನೆಯ ಭಕ್ಷ್ಯ ಬರುವ ಹೊತ್ತಿಗೆ, ನಗೆಚಾಟಿಕೆಯ ಮರೆಯಲ್ಲಿ, ಇನ್ನಾರದೋ ಅನುಭವವೆಂಬಂತೆ ಹೊರಬೀಳುತ್ತದೆ. ಅದನ್ನು ಕೇಳಿಸಿಕೊಳ್ಳಬಲ್ಲವನಿಗೆ ಆ ಊಟ ಅಗ್ಗದ್ದೇ ಸರಿ.

ಈಗ ಅಂತಸ್ತಿನ ಕುರುಹುಗಳ ವಿಷಯ. ಪ್ರತಿಯೊಂದು ಮಾತಿಗೂ ಎದುರಿನವರ ಸ್ಥಾನ ತಿಳಿದಿರಬೇಕಾದ ಸಮಾಜದಲ್ಲಿ ಅಪರಿಚಿತನು ತನ್ನ ಸ್ಥಾನದ ಗುರುತನ್ನು ಮೈಮೇಲೆ ಹೊತ್ತು ಬರಬೇಕಾಗುತ್ತದೆ. ಹೆಸರಿನ ಚೀಟಿಯನ್ನು ಬಲಗೈಯಿಂದಲೋ ಎರಡೂ ಕೈಗಳಿಂದಲೋ ಕೊಡುತ್ತಾರೆ. ಪಡೆದವನು ಅದರ ಮೇಲಿನ ಹುದ್ದೆಯನ್ನು ಓದಿದ ಮೇಲೆ ಮಾತಿನ ಧಾಟಿ ನಿಶ್ಚಯವಾಗುತ್ತದೆ. ಬಂದ ಕಾರು ಯಾವುದು, ಅದರ ನೋಂದಣಿ ಸಂಖ್ಯೆ ಎಂಥದು ಎಂಬುದೂ ಗಮನಕ್ಕೆ ಬರುತ್ತದೆ. ಒಂಬತ್ತು ಎಂಬ ಅಂಕಿಯ ಹೆಸರು ಥಾಯ್ ಭಾಷೆಯಲ್ಲಿ 'ಮುಂದಡಿಯಿಡು' ಎಂಬ ಮಾತಿನಂತೆ ಕೇಳಿಸುತ್ತದೆ. ಆದ್ದರಿಂದ ಒಂಬತ್ತುಗಳಿರುವ ಸಂಖ್ಯೆಗೆ ಬೇಡಿಕೆ ಹೆಚ್ಚು. ಇಂಥ ಸಂಖ್ಯೆಗಳನ್ನು ಅಲ್ಲಿಯ ಸಾರಿಗೆ ಇಲಾಖೆಯೇ ಹರಾಜು ಹಾಕಿ, ಬಂದ ಹಣವನ್ನು ರಸ್ತೆ ಸುರಕ್ಷತೆಯ ನಿಧಿಗೆ ಸೇರಿಸುತ್ತದೆ. ಗಾಲ್ಫ್ ಮೈದಾನ ಇನ್ನೊಂದು ವೇದಿಕೆ. ಹುವಾ ಹಿನ್ ಎಂಬ ಸಮುದ್ರತೀರದ ಊರಿನಲ್ಲಿ 1924ರಲ್ಲಿ ತೆರೆದ ಮೈದಾನ ಆ ದೇಶದ ಅತ್ಯಂತ ಹಳೆಯವುಗಳಲ್ಲಿ ಒಂದು. ಇಂದು ಬ್ಯಾಂಕಾಕಿನ ಸುತ್ತಮುತ್ತ ಅಂಥವು ಹಲವಾರು. ನಾಲ್ಕೈದು ಗಂಟೆಗಳ ಕಾಲ ಒಬ್ಬನ ತಾಳ್ಮೆಯನ್ನೂ ಪ್ರಾಮಾಣಿಕತೆಯನ್ನೂ ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ಸ್ಥಳ ಬೇರೊಂದಿಲ್ಲವೆಂದು ಅಲ್ಲಿಯ ವ್ಯಾಪಾರಿಗಳು ನಂಬುತ್ತಾರೆ.

ಮಣಿಕಟ್ಟಿನ ಗಡಿಯಾರದ ಕತೆಯಂತೂ ಲೋಕಪ್ರಸಿದ್ಧವಾಯಿತು. 2017ರ ಡಿಸೆಂಬರಿನಲ್ಲಿ ಹೊಸ ಮಂತ್ರಿಮಂಡಲದ ಛಾಯಾಚಿತ್ರ ತೆಗೆಯುವಾಗ ಅಂದಿನ ಉಪಪ್ರಧಾನಿ ಜನರಲ್ ಪ್ರವಿತ್ ವೊಂಗ್‌ಸುವಾನ್ ಬಿಸಿಲಿಗೆ ಕೈಯನ್ನು ಅಡ್ಡ ಹಿಡಿದರು. ಬಹು ಬೆಲೆಬಾಳುವ ಗಡಿಯಾರವೊಂದು ಚಿತ್ರದಲ್ಲಿ ಮೂಡಿತು. ಹಳೆಯ ಚಿತ್ರಗಳನ್ನು ಜಾಲಾಡಿದ ಜನರು ಇಪ್ಪತ್ತಕ್ಕೂ ಹೆಚ್ಚು ಗಡಿಯಾರಗಳನ್ನು ಪಟ್ಟಿಮಾಡಿದರು. ಅವು ಗೆಳೆಯನಿಂದ ಎರವಲು ಪಡೆದವು, ಹಿಂದಿರುಗಿಸಿದ್ದಾಗಿದೆ ಎಂದು ಅವರು ಹೇಳಿದರು; 2018ರ ಡಿಸೆಂಬರಿನಲ್ಲಿ ಭ್ರಷ್ಟಾಚಾರ ನಿಗ್ರಹ ಆಯೋಗ ಬಹುಮತದಿಂದ ಆ ಪ್ರಕರಣವನ್ನು ಕೈಬಿಟ್ಟಿತು. ಆದರೆ ಇಡೀ ದೇಶವೇ ಒಬ್ಬ ದೊಡ್ಡ ಮನುಷ್ಯನ ಮಣಿಕಟ್ಟನ್ನು ಅಷ್ಟು ಸೂಕ್ಷ್ಮವಾಗಿ ಓದಬಲ್ಲುದೆಂಬುದು ಆಗ ಎಲ್ಲರಿಗೂ ತಿಳಿಯಿತು.

ಸರಳತೆಯನ್ನು ಆದರ್ಶವೆಂದು ತಿಳಿದು ಬೆಳೆದ ಭಾರತೀಯನಿಗೆ ಇದೆಲ್ಲ ಬರಿಯ ಒಣಜಂಬವೆಂದು ತೋರಬಹುದು. ಕಂಪನಿ ಕೊಟ್ಟ ಕಾರನ್ನು ಬಿಟ್ಟು ಬಸ್ಸಿನಲ್ಲಿ ಬರುತ್ತೇನೆ, ಸಣ್ಣ ಕೋಣೆಯೇ ಸಾಕು ಎಂದು ಅವನು ಹೇಳಬಹುದು. ಅವನ ಮಟ್ಟಿಗೆ ಅದು ವೈರಾಗ್ಯ. ಆದರೆ ಅವನ ಚಾಲಕನಿಗೆ, ಕಾರ್ಯದರ್ಶಿಗೆ, ಅವನ ಹೆಸರು ಹೇಳಿಕೊಂಡು ಗಿರಾಕಿಗಳ ಬಳಿ ಹೋಗುವ ಕಿರಿಯ ನೌಕರನಿಗೆ ಅದರಿಂದ ನಷ್ಟವಾಗುತ್ತದೆ. ಥಾಯ್ ಭಾಷೆಯಲ್ಲಿ ಮುಖಕ್ಕೂ 'ನಾ' ಎನ್ನುತ್ತಾರೆ. ಗದ್ದೆಯ 'ನಾ'ಕ್ಕೂ ಇದಕ್ಕೂ ಸ್ವರವಷ್ಟೇ ಬೇರೆ. ಹಿರಿಯನ ಮುಖ ಅವನೊಬ್ಬನ ಸ್ವತ್ತಲ್ಲ. ಅವನ ಕೈಕೆಳಗಿನವರೆಲ್ಲ ಅದರಲ್ಲಿ ಪಾಲುದಾರರು. ಒಬ್ಬನು ತನ್ನ ಪಾಲನ್ನು ತ್ಯಾಗ ಮಾಡುತ್ತೇನೆಂದು ಹೊರಟು ಇತರರ ಪಾಲನ್ನೂ ನೀರಿಗೆ ಹಾಕಬಾರದಷ್ಟೆ.

ಅಂತಸ್ತಿನ ಈ ಲೆಕ್ಕ ಹಣದ ಪ್ರದರ್ಶನಕ್ಕೇ ನಿಲ್ಲುವುದಿಲ್ಲ. ಹೊಸ ಕಚೇರಿಯನ್ನು ತೆರೆಯುವಾಗ ಒಂಬತ್ತು ಮಂದಿ ಭಿಕ್ಷುಗಳನ್ನು ಕರೆದು ಉಣಿಸುವುದುಂಟು. ಪರದೇಶದ ಮೇಲಧಿಕಾರಿಯೂ ಕೈಜೋಡಿಸಿ ಕುಳಿತಿರಬೇಕು. ಏಪ್ರಿಲ್ ತಿಂಗಳ ಸೊಂಗ್‌ಕ್ರಾನ್ ಹಬ್ಬ, ಅಂದರೆ ಮೇಷಸಂಕ್ರಾಂತಿ, ಬಂದಾಗ ಕಿರಿಯರು ಸಾಲಾಗಿ ಬಂದು ಹಿರಿಯರ ಅಂಗೈಗೆ ಸುಗಂಧದ ನೀರನ್ನು ಎರೆದು ಹರಕೆ ಬೇಡುತ್ತಾರೆ. ಮಳೆಗಾಲ ಮುಗಿದ ಮೇಲೆ ವಿಹಾರಗಳಿಗೆ ಕಾಷಾಯವನ್ನು ಅರ್ಪಿಸುವ ಕಥಿನ ಸಮಾರಂಭಕ್ಕೆ ಕಾಣಿಕೆಯ ಲಕೋಟೆಗಳು ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಬರುತ್ತವೆ. ನೌಕರನ ತಾಯಿ ತೀರಿಕೊಂಡರೆ ವಿಹಾರದಲ್ಲಿ ಹಲವು ರಾತ್ರಿ ಅಭಿಧರ್ಮದ ಪಠಣ ನಡೆಯುತ್ತದೆ. ಒಂದು ರಾತ್ರಿಯ ಪಠಣದ ಯಜಮಾನಿಕೆಯನ್ನು ಕಂಪನಿ ವಹಿಸಿಕೊಳ್ಳುವುದು ರೂಢಿ. ಕಂಪನಿಯ ಹೆಸರು ಬರೆದ ಹೂವಿನ ಚಕ್ರ ಅಲ್ಲಿ ಇದ್ದರೆ ಸಾಲದು. ಮೇಲಧಿಕಾರಿ ತಾನೇ ಬಂದು ಹಿಂದಿನ ಸಾಲಿನ ಕುರ್ಚಿಯಲ್ಲಾದರೂ ಒಂದು ಗಂಟೆ ಕೂರಬೇಕು. ಬೆಲೆಬಾಳುವ ಕಾರಿನಿಂದ ದೊರೆಯದ 'ಮುಖ' ಆ ಒಂದು ಗಂಟೆಯಿಂದ ದೊರೆಯುತ್ತದೆ.

ಇಷ್ಟು ಹೇಳಿ ಈ ಪದ್ಧತಿಯ ನೆರಳನ್ನು ಮುಚ್ಚಿಟ್ಟರೆ ಅನ್ಯಾಯವಾದೀತು. ಉಣಿಸುವುದು ಹೊಣೆಯ ಕುರುಹಾದಂತೆಯೇ ಬಲೆಯೂ ಆಗಬಲ್ಲುದು. ತೀರಿಸಲಾಗದ ಋಣವೆಂಬ ಭಾವನೆ ಇರುವಲ್ಲಿ ಅಧಿಕಾರಿಯೊಬ್ಬನಿಗೆ ಉಡುಗೊರೆ ಕೊಟ್ಟವನು ಅವನ ಸಹಿಯನ್ನೂ ಕೊಂಡಂತೆ. ಇದನ್ನರಿತೇ ಆ ದೇಶದ ಭ್ರಷ್ಟಾಚಾರ ನಿಗ್ರಹ ಆಯೋಗ ಸರ್ಕಾರಿ ಅಧಿಕಾರಿಯು ಬಂಧುಗಳಲ್ಲದವರಿಂದ ಒಂದು ಸಂದರ್ಭದಲ್ಲಿ 3,000 ಬಾಹ್ತ್‌ಗಿಂತ ಹೆಚ್ಚು ಬೆಲೆಯ ಉಡುಗೊರೆಯನ್ನು ಪಡೆಯಬಾರದೆಂದು ವಿಧಿಸಿದೆ. ಉಡುಗೊರೆಯೇ ಬೇಡವೆಂದು ಸಾರುವ ಇಲಾಖೆಗಳೂ ಈಚೆಗೆ ಹೆಚ್ಚಿವೆ. ಪರದೇಶದ ಅಧಿಕಾರಿ ಇಲ್ಲಿ ಇಕ್ಕಟ್ಟಿಗೆ ಸಿಲುಕುತ್ತಾನೆ. ಕೊಟ್ಟರೆ ಕಾನೂನಿನ ಭಯ, ಕೊಡದಿದ್ದರೆ ಒರಟುತನದ ಅಪವಾದ. ಎಲ್ಲರ ಕಣ್ಣೆದುರು ಕೊಡಬಹುದಾದದ್ದನ್ನೇ ಕೊಡುವುದು ಇದಕ್ಕಿರುವ ದಾರಿ. ಹೊಸವರ್ಷದ ಹಣ್ಣಿನ ಬುಟ್ಟಿಯನ್ನು ಇಡೀ ವಿಭಾಗ ಹಂಚಿಕೊಂಡು ತಿನ್ನುತ್ತದೆ. ಒಬ್ಬನೇ ಕದ್ದು ಮನೆಗೊಯ್ಯಬೇಕಾದ ಲಕೋಟೆಯೊಳಗೆ ಆತಿಥ್ಯವಿಲ್ಲ.

ಕುರುಹು ಬೇರೆ, ಹೊಣೆ ಬೇರೆ ಎಂಬುದನ್ನು ಥಾಯ್ ಜನರು ಬಹಳ ಕಠಿಣವಾಗಿ ಕಲಿತ ವರ್ಷ 1997. ಅದಕ್ಕೆ ಮುಂಚಿನ ದಶಕದಲ್ಲಿ ದೇಶ ನಾಗಾಲೋಟದಿಂದ ಬೆಳೆದಿತ್ತು, ಸಾಲ ಸುಲಭವಾಗಿತ್ತು, ಸಾಲದ ಹಣದಲ್ಲಿ ಕಾರು, ಗಡಿಯಾರ, ಗಾಲ್ಫ್ ಕ್ಲಬ್ಬಿನ ಸದಸ್ಯತ್ವಗಳು ಬಂದಿದ್ದವು. ಜುಲೈ 2ರಂದು ಸರ್ಕಾರ ಬಾಹ್ತ್ ನಾಣ್ಯದ ಬೆಲೆಯನ್ನು ಹಿಡಿದಿಡಲಾರದೆ ಕೈಬಿಟ್ಟಿತು. ಡಾಲರಿಗೆ ಸುಮಾರು 25 ಇದ್ದ ಬಾಹ್ತ್ 1998ರ ಜನವರಿಯ ಹೊತ್ತಿಗೆ 50ನ್ನು ದಾಟಿ ಕುಸಿಯಿತು. ವ್ಯವಹಾರ ನಿಲ್ಲಿಸಿದ್ದ 58 ಹಣಕಾಸು ಸಂಸ್ಥೆಗಳಲ್ಲಿ 56ನ್ನು ಆ ಡಿಸೆಂಬರಿನಲ್ಲಿ ಶಾಶ್ವತವಾಗಿ ಮುಚ್ಚಲಾಯಿತು. ಆಗ ಬ್ಯಾಂಕಾಕಿನಲ್ಲಿ ಒಂದು ವಿಚಿತ್ರ ಸಂತೆ ಆರಂಭವಾಯಿತು. 'ಒಂದು ಕಾಲದ ಸಿರಿವಂತರ ಸಂತೆ' ಎಂದೇ ಅದರ ಹೆಸರು. ನಿನ್ನೆಯವರೆಗೆ ಔತಣ ಕೊಡುತ್ತಿದ್ದವರು ಅಲ್ಲಿ ತಮ್ಮ ಬೆನ್ಜ್ ಕಾರುಗಳನ್ನೂ ಗಡಿಯಾರಗಳನ್ನೂ ಮಾರಲು ನಿಂತರು.

ಅದೇ ವರ್ಷ ಸಿರಿವತ್ ವೊರವೇತ್‌ವುತ್ತಿಕುನ್ ಎಂಬ ಉದ್ಯಮಿ ಕಟ್ಟಡದ ವ್ಯವಹಾರದಲ್ಲಿ ಸರ್ವಸ್ವವನ್ನೂ ಕಳೆದುಕೊಂಡು, ಉಳಿದ ಕೆಲವು ನೌಕರರೊಡನೆ, ಕೊರಳಿಗೆ ಪೆಟ್ಟಿಗೆ ತೂಗುಹಾಕಿಕೊಂಡು ಬ್ಯಾಂಕಾಕಿನ ಬೀದಿಗಳಲ್ಲಿ ಸ್ಯಾಂಡ್‌ವಿಚ್ ಮಾರಲು ಹೊರಟ. ಅಂತಸ್ತಿನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಮುಖಭಂಗವಿಲ್ಲ. ಆದರೆ ನಡೆದದ್ದು ಬೇರೆ. ಆ ಸಂಕಟಕಾಲದ ಧೈರ್ಯಕ್ಕೆ ಅವನು ಸಂಕೇತವಾದ. ದೇಶವಿದೇಶದ ಪತ್ರಿಕೆಗಳು ಅವನ ಕತೆಯನ್ನು ಬರೆದವು. ಕಾರು ಹೋಗಿತ್ತು, ತನ್ನವರೊಡನೆ ದುಡಿದು ಉಣ್ಣುವ ದಾರಿಯನ್ನು ಅವನು ಬಿಟ್ಟಿರಲಿಲ್ಲ. 'ಲಿಯಂಗ್' ಎಂಬ ಮಾತಿನ ತಿರುಳು ಉಳಿದಿತ್ತು, ಸಿಪ್ಪೆ ಮಾತ್ರ ಹೋಗಿತ್ತು.

ಇಂದಿನ ಎಳೆಯ ನೌಕರರು 2017ರಿಂದ ಬಂದಿರುವ ಪ್ರಾಂಪ್ಟ್‌ಪೇ ಎಂಬ ಪಾವತಿ ವ್ಯವಸ್ಥೆಯ ಮೂಲಕ ಕೈಯಲ್ಲಿನ ಫೋನಿನಿಂದ ಕ್ಷಣಮಾತ್ರದಲ್ಲಿ ಬಿಲ್ಲನ್ನು ಹಂಚಿಕೊಳ್ಳುತ್ತಾರೆ. ಹಿರಿಯರೆಂಬ ಕಾರಣಕ್ಕೇ ತಲೆಬಾಗಬೇಕೇ ಎಂದು ಕೇಳುವ ದನಿಗಳೂ ಎದ್ದಿವೆ. ಆ ಪ್ರಶ್ನೆ ನ್ಯಾಯವಾದುದೇ. ಆದರೆ ಅದನ್ನು ಕೇಳುವ ಹಕ್ಕು ಅಲ್ಲಿಯವರದು. ಹೊರಗಿನಿಂದ ಹೋದವನು ಮೊದಲು ಹೊಣೆಯನ್ನು ಕಲಿಯಬೇಕು. ಥಾಯ್ ಭಾಷೆಯಲ್ಲಿ ಹೊರನೋಟಕ್ಕಾಗಿ ಮಾಡಿದ ಕೆಲಸವನ್ನು 'ಮೇಲೆ ಉದುರಿಸಿದ ಕೊತ್ತಂಬರಿ' ಎಂದು ಗೇಲಿಮಾಡುತ್ತಾರೆ. ಮೇಲೆ ಥಳಕು ಒಳಗೆ ಹುಳುಕು ಎಂಬ ನಮ್ಮ ಗಾದೆಯ ಮಾತೂ ಅದೇ. ಕಾರು, ಗಡಿಯಾರ, ವಿಸ್ಕಿಯ ಶೀಸೆಗಳು ಆ ಕೊತ್ತಂಬರಿ ಮಾತ್ರ. ಅದರ ಕೆಳಗೆ ಅನ್ನವಿದೆಯೇ ಎಂದು ನೋಡುವ ಕಣ್ಣು ಥಾಯ್ ಜನರಿಗೆ ಚೆನ್ನಾಗಿಯೇ ಇದೆ. ನಮ್ಮ ಕಲ್ಪನೆಯ ಅಧಿಕಾರಿ ಮುಂದಿನ ಸಲ ಬಿಲ್ಲು ಬಂದಾಗ ಏನು ಮಾಡಬೇಕೆಂಬುದನ್ನು ಇನ್ನು ವಿವರಿಸಬೇಕಾಗಿಲ್ಲ. ಬಿಲ್ಲನ್ನು ತಾನೇ ಕೈಗೆತ್ತಿಕೊಳ್ಳಲಿ. ಆದರೆ ಕೈಗೆ ಬಂದದ್ದು ಬಿಲ್ಲು ಮಾತ್ರವಲ್ಲ, ಏಳು ಮಂದಿಯ ಹೊಣೆ ಎಂಬುದನ್ನು ಮರೆಯದಿರಲಿ.